ಮೆದುಳು ಸಿಪಿಯು ಆಗಿದ್ದಿದ್ದರೆ ರೀಸ್ಟಾರ್ಟ್ ಮಾಡಬಹುದಿತ್ತು

ನಾಲ್ಕನೇ ಸೆಮ್‌ನವರಿಗೆ ಗೊತ್ತಿರುತ್ತೆ, ವಿಟಿಯು ನಮಗೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಅಂತ ಒಂದು ಸಬ್ಜೆಕ್ಟ್ ಇಟ್ಟಿದೆ. ಅದರಲ್ಲಿ ಮನುಷ್ಯನ ಅಂಗಗಳ ಮಾಡ್ಯೂಲ್ ಇದೆಯಲ್ಲ, ಅಲ್ಲಿ ಒಂದು ಟಾಪಿಕ್ ‘ಬ್ರೈನ್ ಆ್ಯಸ್ ಎ ಸಿಪಿಯು ಸಿಸ್ಟಮ್’. ಆಮೇಲೆ ಕಣ್ಣು ಅಂದ್ರೆ ಕ್ಯಾಮೆರಾ, ಹೃದಯ ಅಂದ್ರೆ ಪಂಪು, ಹೀಗೆ ಹೋಗುತ್ತೆ. ಕ್ಲಾಸಲ್ಲಿ ಅದನ್ನು ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ನಾನೂ ತಗೊಂಡಿರಲಿಲ್ಲ. ಹಿಂದಿನ ರಾತ್ರಿ ಪಿಡಿಎಫ್ ನೋಡಿ, ಎಡಗಡೆ ಸಿಪಿಯು ಬಲಗಡೆ ಬ್ರೈನ್ ಅಂತ ಟೇಬಲ್ ಹಾಕಿ ಬರೆದರೆ ಮಾರ್ಕ್ಸ್ ಬರುತ್ತೆ. ಇಂಟರ್ನಲ್ಸ್‌ನಲ್ಲಿ ನಾನು ಹಾಗೇ ಬರೆದೆ. ‘ಎಡ ಮೆದುಳು ದೇಹದ ಬಲಭಾಗವನ್ನು ನಿಯಂತ್ರಿಸುತ್ತದೆ’ ಅನ್ನೋ ಸಾಲನ್ನು ಅಂಡರ್‌ಲೈನ್ ಕೂಡ ಮಾಡಿದ್ದೆ. ಹತ್ತಕ್ಕೆ ಒಂಬತ್ತು ಬಂತು.

ಅದಾಗಿ ಎರಡು ವಾರಕ್ಕೆ ಊರಿಗೆ ಹೋಗಿದ್ದೆ. ನಮ್ಮದು ಹೊಸದುರ್ಗ ತಾಲ್ಲೂಕಿನ ಹಳ್ಳಿ. ಭಾನುವಾರ ಬೆಳಗ್ಗೆ ಆರು ಗಂಟೆ. ಅಜ್ಜ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ರು. ಲೋಟ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳೋಕೆ ಬಗ್ಗಿದ್ರು, ಬಲಗೈ ಲೋಟದ ಹತ್ತಿರ ಹೋಯ್ತು, ಬೆರಳು ಮುಚ್ಚಲಿಲ್ಲ. ಏನೋ ಹೇಳೋಕೆ ಹೋದ್ರು, ಮಾತು ತೊದಲಿತು. ಅಮ್ಮ ಹೊರಗೆ ಬಂದು, ‘ಕೈ ಜೋಮು ಹಿಡಿದೈತೇನೋ’ ಅಂದ್ರು. ಚಿಕ್ಕಪ್ಪ ಕೈ ಹಿಡಿದು ನೋಡಿ, ‘ನರ ಹಿಡ್ಕಂಡೈತೆ, ರಾತ್ರಿ ಕೈ ಮೇಲೆ ಮಲಗ್ಯಾರೆ, ಬಿಸಿ ಎಣ್ಣೆ ತಿಕ್ಕಿದ್ರೆ ಬಿಟ್ಕಂತೈತೆ’ ಅಂದ್ರು. ನನ್ನ ಕಡೆ ತಿರುಗಿ, ‘ಎಣ್ಣೆ ತಗಂಬಾರೋ’ ಅಂದ್ರು.

ನಾನು ಒಳಗೆ ಹೋಗಿ ಎಣ್ಣೆ ಬಾಟಲಿ ತಂದುಕೊಟ್ಟೆ.

ಈ ಲೇಖನ ಬರೆಯೋಕೆ ಕಾರಣ ಅದೇ. ಹತ್ತಕ್ಕೆ ಒಂಬತ್ತು ತಗೊಂಡವನು, ಬಲಗೈ ಬಿದ್ದಿದೆ, ಮಾತು ತೊದಲುತ್ತಿದೆ ಅಂತ ಕಣ್ಣೆದುರಿಗೆ ನೋಡ್ತಾ ಎಣ್ಣೆ ತರೋಕೆ ಹೋದೆ. ಒಂದೂವರೆ ಗಂಟೆ ತಿಕ್ಕಿದ್ವಿ. ಆಮೇಲೆ ಯಾರೋ ಹೇಳಿದ್ರು ಅಂತ ಲಕ್ವಕ್ಕೆ ಔಷಧಿ ಕೊಡೋ ಒಂದು ಊರಿಗೆ ಕರ್ಕೊಂಡು ಹೋದ್ವಿ. ಭಾನುವಾರವಾದ್ದರಿಂದ ಅಲ್ಲಿ ಕ್ಯೂ. ಸೊಪ್ಪಿನ ರಸ ಹಚ್ಚಿ ಕಳಿಸಿದ್ರು. ಮನೆಗೆ ಬಂದು ಗಂಜಿ ಕುಡಿಸೋಕೆ ಹೋದಾಗ ನೆತ್ತಿಗೆ ಹತ್ತಿ ಕಣ್ಣು ಮೇಲೆ ಮಾಡಿದ್ರು. ಆಗ ಭಯ ಬಿತ್ತು. ಕಾರು ಮಾಡಿಕೊಂಡು ಹೊರಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿ, ತಲೆಯ ಸಿಟಿ ಸ್ಕ್ಯಾನ್ ಆಗುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಗಂಟೆಗೆ ಶುರುವಾಯ್ತು?’ ಬೆಳಗ್ಗೆ ಆರು ಅಂದೆ. ಅವರು ಗಡಿಯಾರ ನೋಡಿ, ‘ನಾಲ್ಕೂವರೆ ಗಂಟೆ ಒಳಗೆ ತಂದಿದ್ರೆ ಒಂದು ಇಂಜೆಕ್ಷನ್ ಕೊಡಬಹುದಾ ಅಂತ ನೋಡ್ತಿದ್ವಿ’ ಅಂದ್ರು. ಬೈಯಲಿಲ್ಲ. ಬೈದಿದ್ರೆ ಸಮಾಧಾನ ಆಗ್ತಿತ್ತೇನೋ.

ಇದರಲ್ಲಿ ಹಳ್ಳಿಯವರ ಮೂಢನಂಬಿಕೆ ಅಂತ ಬರೆದು ಮುಗಿಸೋದು ಸುಲಭ. ನನಗೆ ಹಾಗೆ ಅನ್ನಿಸಲ್ಲ. ನನ್ನ ಚಿಕ್ಕಪ್ಪ ಮೂರ್ಖರಲ್ಲ. ತೋಟದಲ್ಲಿ ಬೋರ್‌ವೆಲ್ ಮೋಟಾರ್ ನಿಂತರೆ ಅವರು ಮೋಟಾರ್ ಮುಟ್ಟೋದೇ ಇಲ್ಲ. ಮೊದಲು ಟ್ರಾನ್ಸ್‌ಫಾರ್ಮರ್ ಹತ್ತಿರ ಫ್ಯೂಸ್ ನೋಡ್ತಾರೆ, ಆಮೇಲೆ ಸ್ಟಾರ್ಟರ್ ಬಾಕ್ಸ್, ಆಮೇಲೆ ಕೇಬಲ್. ಕೊನೆಗೆ, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಮೋಟಾರ್ ಮೇಲೆತ್ತಿಸೋದು. ತುದಿಯಲ್ಲಿ ತೊಂದರೆ ಕಂಡರೆ ತಪ್ಪು ಮೂಲದಲ್ಲಿರಬಹುದು ಅನ್ನೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೈ ವಿಷಯಕ್ಕೆ ಬಂದಾಗ ಮಾತ್ರ ಕೈಯನ್ನೇ ತಿಕ್ಕಿದ್ರು. ಯಾಕೆಂದರೆ ಕೈಯ ಸ್ಟಾರ್ಟರ್ ಬಾಕ್ಸ್ ತಲೆಯಲ್ಲಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದ ನಾನು ಅದನ್ನ ಇಂಗ್ಲಿಷ್‌ನಲ್ಲಿ, ಟೇಬಲ್ ರೂಪದಲ್ಲಿ, ಮಾರ್ಕ್ಸಿಗೆ ಮಾತ್ರ ಇಟ್ಟುಕೊಂಡಿದ್ದೆ.

ಇನ್ನೊಂದು ಕಾರಣ ನಮ್ಮ ‘ನರ’ ಅನ್ನೋ ಪದ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಅಲ್ಲಿ ನರ್ವ್ ಬೇರೆ, ವೇನ್ ಬೇರೆ, ಟೆಂಡನ್ ಬೇರೆ. ಮನೆಯಲ್ಲಿ ಮೂರಕ್ಕೂ ಒಂದೇ ಮಾತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕೋಕೆ ಸಿಸ್ಟರ್ ಕೈ ತಟ್ಟಿ ‘ನರ ಸಿಗ್ತಿಲ್ಲ’ ಅಂತಾರೆ, ಅದು ರಕ್ತನಾಳ. ಕತ್ತು ತಿರುಗದಿದ್ದರೆ ‘ನರ ಹಿಡ್ಕೊಂಡಿದೆ’, ಅದು ಹೆಚ್ಚಾಗಿ ಸ್ನಾಯು. ಸಿಟ್ಟು ಬಂದವನ ಹಣೆಯಲ್ಲಿ ‘ನರ ಉಬ್ಬಿದೆ’, ಅದೂ ರಕ್ತನಾಳವೇ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ‘ನರದೌರ್ಬಲ್ಯ’ ಪೋಸ್ಟರ್‌ನಲ್ಲಿ ಇರೋದು ಇನ್ನೇನೋ, ಅದನ್ನ ಇಲ್ಲಿ ಬರೆಯಲ್ಲ. ಅಭಿಧಮನಿ, ಅಪಧಮನಿ, ಸ್ನಾಯುರಜ್ಜು ಅಂತ ಪಠ್ಯಪುಸ್ತಕದಲ್ಲಿ ಒಳ್ಳೊಳ್ಳೆ ಪದಗಳಿವೆ, ನಿಜ. ಆದರೆ ಯಾರ ಮನೆಯಲ್ಲೂ ಅಜ್ಜನ ಕೈ ಬಿದ್ದಾಗ ಆ ಪದಗಳು ಬಾಯಿಗೆ ಬರಲ್ಲ. ಬರೋದು ‘ನರ’. ಆ ಪದ ನಮ್ಮನ್ನ ತೋಳಿನಲ್ಲೇ ನಿಲ್ಲಿಸುತ್ತೆ, ಮೇಲಕ್ಕೆ ಹೋಗೋಕೆ ಬಿಡಲ್ಲ.

ಹಾಗಾದರೆ ಮೇಲಕ್ಕೆ ಹೋಗೋಣ, ಸಿಗ್ನಲ್ ಟ್ರೇಸ್ ಮಾಡೋ ಹಾಗೆ. ಲೋಟ ಹಿಡಿಯಬೇಕು ಅಂತ ಅನ್ನಿಸಿದಾಗ ಆರ್ಡರ್ ಹೊರಡೋದು ಮೆದುಳಿನ ಹೊರಪದರದ ಒಂದು ಪಟ್ಟಿಯಿಂದ. ಆ ಪಟ್ಟಿ ತಲೆಯ ಮೇಲೆ ಒಂದು ಕಿವಿಯ ಕಡೆಯಿಂದ ಇನ್ನೊಂದು ಕಿವಿಯ ಕಡೆಗೆ, ಹೇರ್‌ಬ್ಯಾಂಡ್ ಹಾಕಿದ ಜಾಗದಲ್ಲಿ ಇದೆ ಅಂದುಕೊಳ್ಳಿ. ಬಲಗೈ ಆರ್ಡರ್ ಎಡಗಡೆಯಿಂದ ಹೊರಟು ಕೆಳಗೆ ಇಳಿಯುತ್ತೆ. ಮೆದುಳಿನ ಬುಡದಲ್ಲಿ, ಮೆಡುಲ್ಲಾ ಅನ್ನೋ ಜಾಗದಲ್ಲಿ, ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ತಂತುಗಳು ಆ ಕಡೆಯಿಂದ ಈ ಕಡೆಗೆ ದಾಟುತ್ತವೆ. ಎಡ ಮೆದುಳು ಬಲ ದೇಹ ಅನ್ನೋ ನನ್ನ ಅಂಡರ್‌ಲೈನ್ ಸಾಲಿನ ಕಾರಣ ಈ ಕ್ರಾಸಿಂಗ್. ಅಲ್ಲಿಂದ ಬೆನ್ನುಹುರಿ. ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ, ಬೆನ್ನುಮೂಳೆಯ ಒಳಗೆ ಭದ್ರವಾಗಿರೋ ಕೇಬಲ್. ಅದರಿಂದ 31 ಜೊತೆ ನರಗಳು ಹೊರಗೆ ಬರುತ್ತವೆ. ಕೈಗೆ ಹೋಗೋ ನರಗಳು ಕತ್ತಿನ ಮಟ್ಟದಲ್ಲೇ ಹೊರಬಿದ್ದು ತೋಳಿಗೆ ಇಳಿಯುತ್ತವೆ. ಮುಖ, ಕಣ್ಣು, ನಾಲಿಗೆಗೆಲ್ಲ ಮೆದುಳಿನಿಂದಲೇ ನೇರವಾಗಿ ಬರೋ 12 ಜೊತೆ ನರಗಳು ಬೇರೆ ಇವೆ.

ನನಗೆ ಆಶ್ಚರ್ಯ ಆಗಿದ್ದು ಇದು: ಮೆದುಳಿನ ಆ ಪಟ್ಟಿಯಿಂದ ಬೆರಳಿನ ಸ್ನಾಯುವರೆಗೆ ನೇರ ದಾರಿಯಲ್ಲಿ ಬೇಕಿರೋದು ಎರಡೇ ನರಕೋಶ. ಒಂದು ತಲೆಯಿಂದ ಕತ್ತಿನವರೆಗೆ, ಇನ್ನೊಂದು ಕತ್ತಿನಿಂದ ಬೆರಳಿನವರೆಗೆ. ನೆಟ್‌ವರ್ಕ್ ಭಾಷೆಯಲ್ಲಿ ಎರಡೇ ಹಾಪ್. ಕಣ್ಣಿಗೆ ಕಾಣದ ಒಂದು ಕೋಶ, ಅದರ ಬಾಲ ಮಾತ್ರ ಅಡಿಗಳ ಲೆಕ್ಕದಲ್ಲಿ ಉದ್ದ. ಸುಮ್ಮನಿದ್ದಾಗ ಕೋಶದ ಒಳಗೆ ಹೊರಗಿಗಿಂತ 70 ಮಿಲಿವೋಲ್ಟ್‌ನಷ್ಟು ಕಡಿಮೆ. ಸಿಗ್ನಲ್ ಬಂದಾಗ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತೆ, ವೋಲ್ಟೇಜ್ ಮೇಲಕ್ಕೆ ಜಿಗಿದು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ವಾಪಸ್ ಬರುತ್ತೆ. ಆ ಜಿಗಿತ ಬಾಲದುದ್ದಕ್ಕೂ ಓಡುತ್ತೆ. ಕೊಬ್ಬಿನ ಹೊದಿಕೆ, ಅಂದರೆ ಮೈಲಿನ್, ಇರೋ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರ್‌ಗೂ ಹೆಚ್ಚು ವೇಗ. ಹೊದಿಕೆ ಇಲ್ಲದ ಸಣ್ಣ ತಂತುಗಳಲ್ಲಿ ಒಂದೆರಡು ಮೀಟರ್ ಅಷ್ಟೇ. ಕತ್ತಲಲ್ಲಿ ಹೊಸಿಲು ಎಡವಿದಾಗ ‘ಎಡವಿದೆ’ ಅಂತ ಮೊದಲು ಗೊತ್ತಾಗಿ, ಉರಿ ಒಂದು ಕ್ಷಣ ತಡವಾಗಿ ಬರುತ್ತಲ್ಲ, ಅದು ಈ ಎರಡು ಕೇಬಲ್‌ಗಳ ಸ್ಪೀಡಿನ ವ್ಯತ್ಯಾಸ.

ಹಾಪ್‌ಗಳ ಮಧ್ಯೆ ವೈರ್ ಜಾಯಿಂಟ್ ಇಲ್ಲ, ಗ್ಯಾಪ್ ಇದೆ. ಅದನ್ನ ಕೆಮಿಕಲ್ ದಾಟುತ್ತೆ. ಇಸಿಯವರು ಇದನ್ನ ಅನಲಾಗ್ ಅಂತಾರೆ, ಸಿಎಸ್‌ನವರು ಡಿಜಿಟಲ್ ಅಂತಾರೆ. ಎರಡೂ ಸರಿ, ಜಗಳ ಬೇಡ.

ಈಗ ಅಜ್ಜನ ಕೇಸ್. ಎಲ್ಲಿ ಕಟ್ ಆಗಿತ್ತು? ನಾಲ್ಕೈದು ದಿನ ಬಿಟ್ಟು ವಾರ್ಡಿಗೆ ಬಂದ ಡಾಕ್ಟರ್ ಅಜ್ಜನ ಬಲ ಮಂಡಿ ಕೆಳಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದ್ರು. ತಾನಾಗಿ ಎತ್ತೋಕೆ ಆಗದ ಕಾಲು ಟಕ್ ಅಂತ ಜಿಗಿಯಿತು, ಚೆನ್ನಾಗಿರೋ ಎಡಗಾಲಿಗಿಂತ ಜೋರಾಗಿ. ಚಿಕ್ಕಪ್ಪನಿಗೆ ಖುಷಿ, ‘ನೋಡ್ರಿ, ಕಾಲು ಬಂತು’ ಅಂತ. ಆದರೆ ಆ ಜಿಗಿತ ಮೆದುಳಿನದಲ್ಲ. ಬಿಸಿ ಹಂಚು ಮುಟ್ಟಿದ ಕೈ ಯೋಚನೆಗೆ ಮೊದಲೇ ಹಿಂದಕ್ಕೆ ಬರುತ್ತಲ್ಲ, ಹಾಗೆ ಬೆನ್ನುಹುರಿ ತನ್ನ ಮಟ್ಟದಲ್ಲೇ ಮುಗಿಸೋ ಕೆಲಸ. ಅಂದರೆ ಕಾಲಿನ ಸ್ನಾಯು ಸರಿ, ಕಾಲಿನ ನರ ಸರಿ, ಬೆನ್ನುಹುರಿ ಸರಿ. ಮೇಲಿನಿಂದ ಬರಬೇಕಾದ ಹಿಡಿತ ಮಾತ್ರ ತಪ್ಪಿದೆ, ಅದಕ್ಕೇ ಅಷ್ಟು ಜೋರು. ನಾವು ಒಂದೂವರೆ ಗಂಟೆ ಎಣ್ಣೆ ತಿಕ್ಕಿದ್ದು ಪೂರ್ತಿ ಕೆಲಸ ಮಾಡ್ತಿದ್ದ ಭಾಗಕ್ಕೆ.

ಇಲ್ಲಿಗೇ ಆ ಸಿಪಿಯು ಹೋಲಿಕೆ ನನಗೆ ಸಿಟ್ಟು ತರಿಸೋದು. ಹೋಲಿಕೆ ಪೂರ್ತಿ ಸುಳ್ಳಲ್ಲ. ಇನ್‌ಪುಟ್ ಇದೆ, ಔಟ್‌ಪುಟ್ ಇದೆ, ಬಸ್ ಇದೆ. ಆದರೆ ಸಿಪಿಯುಗೆ ಪವರ್ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ಏನಾಗುತ್ತೆ? ಬೂಟ್ ಆಗುತ್ತೆ. ನಮ್ಮೂರಲ್ಲಿ ದಿನಾ ಆಗುತ್ತೆ. ಮೆದುಳಿಗೆ ಹಾಗಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರೋ ಈ ಅಂಗ ದೇಹದ ಆಕ್ಸಿಜನ್‌ನಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಪಾಲು ತಿನ್ನುತ್ತೆ. ಉಳಿಸಿಟ್ಟುಕೊಳ್ಳೋ ಬ್ಯಾಟರಿ ಅಂತ ಹೇಳ್ಕೊಳ್ಳುವಂಥದ್ದು ಏನೂ ಇಲ್ಲ. ರಕ್ತ ಪೂರ್ತಿ ನಿಂತ ಜಾಗದಲ್ಲಿ ನಿಮಿಷಗಳಲ್ಲೇ ಕೋಶಗಳು ಸಾಯೋಕೆ ಶುರು. ಅದರ ಸುತ್ತ ಇನ್ನೊಂದು ವಲಯ ಇರುತ್ತೆ, ಅಕ್ಕಪಕ್ಕದ ನಾಳಗಳಿಂದ ತೊಟ್ಟು ತೊಟ್ಟು ರಕ್ತ ಸಿಕ್ಕಿ, ಕೆಲಸ ನಿಲ್ಲಿಸಿದ್ರೂ ಸಾಯದೆ ಕಾಯ್ತಾ ಇರೋ ಕೋಶಗಳು. ಆಸ್ಪತ್ರೆಗೆ ಬೇಗ ಹೋಗಿ ಉಳಿಸಿಕೊಳ್ಳೋದು ಆ ವಲಯವನ್ನ. ಹೊತ್ತು ಹೋದಂತೆ ಅದೂ ಸತ್ತ ಜಾಗಕ್ಕೆ ಸೇರುತ್ತೆ.

ದೊಡ್ಡ ನಾಳ ಕಟ್ಟಿದಾಗ, ಚಿಕಿತ್ಸೆ ಸಿಗದಿದ್ದರೆ, ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತೆ ಅಂತ 2006ರಲ್ಲಿ ಪ್ರಕಟವಾದ ಒಂದು ಲೆಕ್ಕ ಇದೆ. ಒಟ್ಟು ಇರೋದು ಸುಮಾರು 8,600 ಕೋಟಿ, ಹಾಗಾಗಿ ಏನು ಮಹಾ ಅನ್ನಿಸಬಹುದು. ನಾನು ಹಾಸ್ಟೆಲ್‌ನಲ್ಲಿ ಕೂತು ಗುಣಾಕಾರ ಮಾಡಿದೆ. ಎಂಟು ಗಂಟೆ ಅಂದರೆ 480 ನಿಮಿಷ, 91 ಕೋಟಿ. ಅಜ್ಜನದು ಅಷ್ಟು ದೊಡ್ಡ ನಾಳವೋ ಅಲ್ಲವೋ, ಸರಾಸರಿ ಲೆಕ್ಕ ಒಬ್ಬರಿಗೆ ಹಾಗೇ ಅನ್ವಯಿಸಲ್ಲ ಅಂತ ಗೊತ್ತು. ಆದರೂ ಎಣ್ಣೆಯ ತೊಂಬತ್ತು ನಿಮಿಷವನ್ನ ಬೇರೆ ಗುಣಿಸಿ ನೋಡಿದೆ. 17 ಕೋಟಿ.

ಇದಕ್ಕೆ ಔಷಧಿ ಇಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಇದೆ. ಸ್ಟ್ರೋಕ್‌ನಲ್ಲಿ ಎರಡು ಥರ. ಹೆಚ್ಚಿನವು ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡು ಆಗೋದು, ಉಳಿದವು ನಾಳ ಒಡೆದು ರಕ್ತ ಸೋರಿ ಆಗೋದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಕೈ ಬೀಳುತ್ತೆ, ಬಾಯಿ ಸೊಟ್ಟಗಾಗುತ್ತೆ. ಮೊದಲನೆಯದಕ್ಕೆ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ, ಶುರುವಾದ ನಾಲ್ಕೂವರೆ ಗಂಟೆಯ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅದನ್ನೇ ಎರಡನೆಯದಕ್ಕೆ ಕೊಟ್ಟರೆ ಪ್ರಾಣಕ್ಕೆ ಅಪಾಯ. ಎರಡರಲ್ಲಿ ಯಾವುದು ಅಂತ ಹೇಳೋಕೆ ಸ್ಕ್ಯಾನ್ ಬೇಕೇ ಬೇಕು. ಹಾಗಾಗಿ ಸ್ಕ್ಯಾನ್ ಇಲ್ಲದ ಕಡೆ ಹೋಗಿ ಕೂತರೆ ಎಷ್ಟೇ ಒಳ್ಳೆ ಡಾಕ್ಟರ್ ಇದ್ದರೂ ಗಡಿಯಾರ ಓಡ್ತಾನೇ ಇರುತ್ತೆ. ಮನೆಯಲ್ಲೇ ಆಸ್ಪಿರಿನ್ ನುಂಗಿಸಬಾರದು ಅನ್ನೋದೂ ಇದಕ್ಕೇ. ಇನ್ನು ದೊಡ್ಡ ನಾಳದ ಹೆಪ್ಪನ್ನು ತೊಡೆಯ ಅಥವಾ ಕೈಯ ನಾಳದಿಂದ ತಂತಿ ತೂರಿಸಿ ಹೊರಗೆ ಎಳೆಯೋ ವಿಧಾನವೂ ಇದೆ. ಕೆಲವರಿಗೆ 24 ಗಂಟೆವರೆಗೂ ಮಾಡ್ತಾರೆ, ಆದರೆ ಅದು ದೊಡ್ಡ ಊರಿನ ಮಾತು. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್.

ನಾಟಿ ಔಷಧಿ ವಿಷಯ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ನಾನು ಇದನ್ನ ಬರೆದರೆ ಊರಲ್ಲಿ ಕೇಳೋ ಪ್ರಶ್ನೆ ಒಂದೇ, ‘ಹಂಗಾದ್ರೆ ಇಂಥವರಿಗೆ ವಾಸಿ ಆಯ್ತಲ್ಲ, ಅದು ಹೆಂಗೆ?’ ನ್ಯಾಯವಾದ ಪ್ರಶ್ನೆ. ಕೆಲವರಿಗೆ ನಿಜವಾಗಲೂ ವಾಸಿ ಆಗಿರುತ್ತೆ. ಹೆಪ್ಪು ಒಂದು ಸಲ ತಾನಾಗೇ ಕರಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಲ್ಲ ಸರಿಹೋಗಬಹುದು. ಅದನ್ನ ಟಿಐಎ ಅಂತಾರೆ. ಆಗ ಯಾವ ಎಣ್ಣೆ ಹಚ್ಚಿದ್ರೂ, ಪಾರಿವಾಳದ ರಕ್ತ ಹಚ್ಚಿದ್ರೂ, ಸುಮ್ಮನೆ ಕೂತಿದ್ರೂ ವಾಸಿ. ಅಪಾಯ ಏನಂದ್ರೆ ಮುಂದಿನ ಒಂದೆರಡು ದಿನದಲ್ಲೇ ನಿಜವಾದ ಸ್ಟ್ರೋಕ್ ಬರೋ ಸಾಧ್ಯತೆ ಆಗಲೇ ಹೆಚ್ಚು. ‘ವಾಸಿ ಆಯ್ತು’ ಅಂತ ಮನೆಗೆ ಬಂದವರಿಗೆ ಆ ಎಚ್ಚರಿಕೆ ಸಿಗಲ್ಲ. ಎರಡನೆಯದು ಬೆಲ್ಸ್ ಪಾಲ್ಸಿ. ಇದರಲ್ಲಿ ಮೆದುಳಿಗೆ ಏನೂ ಆಗಿರಲ್ಲ. ಮುಖಕ್ಕೆ ಬರೋ ಒಂದು ನರ ಊದಿಕೊಂಡು ಮುಖದ ಅರ್ಧ ಭಾಗ ಜೋಲುತ್ತೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತೆ. ಅರಬ್ಬಿಯ ‘ಲಕ್ವ’ ಅನ್ನೋ ಪದಕ್ಕೆ ಮೂಲದ ಅರ್ಥವೇ ಮುಖ ಸೊಟ್ಟಗಾಗೋದು. ನಾವು ಎರಡಕ್ಕೂ ಅದೇ ಪದ ಹಾಕಿ, ಒಂದರಲ್ಲಿ ಬಂದ ಹೆಸರನ್ನ ಇನ್ನೊಂದರ ಔಷಧಿಗೆ ಕೊಟ್ಟಿದ್ದೀವಿ. ಕಂಟ್ರೋಲ್ ಇಲ್ಲದ ಎಕ್ಸ್‌ಪೆರಿಮೆಂಟ್ ಬರೆದರೆ ನಮ್ಮ ಲ್ಯಾಬ್‌ನಲ್ಲಿ ರೆಕಾರ್ಡ್ ವಾಪಸ್ ಎಸೀತಾರೆ. ಇಲ್ಲಿ ಅದರ ಮೇಲೆ ಜೀವ ಇಡ್ತೀವಿ.

(ಒಂದು ವೈರಿಂಗ್ ವಿಶೇಷ: ಹಣೆಗೆ ಎರಡೂ ಕಡೆ ಮೆದುಳಿನಿಂದ ಸಪ್ಲೈ ಇದೆ. ಅದಕ್ಕೇ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟಗಾದ್ರೂ ಹಣೆ ಸುಕ್ಕು ಮಾಡೋಕೆ ಬರುತ್ತೆ, ಬೆಲ್ಸ್ ಪಾಲ್ಸಿಯಲ್ಲಿ ಆ ಕಡೆ ಹಣೆಯೂ ಏಳಲ್ಲ. ಆದರೆ ದಯವಿಟ್ಟು ಇದನ್ನ ಓದಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಅದನ್ನ ಡಾಕ್ಟರ್‌ಗೆ ಬಿಡಿ.)

ಕನ್ನಡದ ‘ಪಾರ್ಶ್ವವಾಯು’ ಇನ್ನೂ ಗೌರವದ ಪದ, ಪೇಪರ್‌ನಲ್ಲೆಲ್ಲ ಅದೇ ಬರುತ್ತೆ. ಅದರಲ್ಲೂ ವಾಯು ಇದೆ. ನಮ್ಮಜ್ಜಿ ‘ಗಾಳಿ ಸೋಕಿರಬೇಕು’ ಅಂದಿದ್ದು ಆ ಪದದ ಆಡುಮಾತಿನ ರೂಪದ ಹಾಗೇ ಇತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಫ್ಯಾನ್ ತಿರುಗ್ತಿವೆ. ನಮ್ಮ ಗಾಳಿಯಿಂದ ಕರೆಂಟ್ ತೆಗೀಬಹುದು, ಲಕ್ವ ಬರಿಸೋಕೆ ಆಗಲ್ಲ. ಸ್ಟ್ರೋಕ್ ತರೋದು ಹೆಚ್ಚಾಗಿ ಬಿಪಿ, ಶುಗರ್, ಬೀಡಿ ಸಿಗರೇಟು, ಹೃದಯದ ತಾಳ ತಪ್ಪೋದು. ಅಜ್ಜನಿಗೆ ಬಿಪಿ ಮಾತ್ರೆ ಬರೆದುಕೊಟ್ಟಿದ್ರು. ‘ತಲೆನೋವಿಲ್ಲ, ಯಾಕೆ ನುಂಗಲಿ’ ಅಂತ ಬಿಟ್ಟಿದ್ರು. ಇದು ನಮಗೆ ಆಸ್ಪತ್ರೆಯಲ್ಲಿ ಗೊತ್ತಾಯ್ತು.

ನನ್ನ ರೂಮ್‌ಮೇಟ್ ಇದನ್ನ ಓದಿ ಹೇಳಿದ, ‘ನಾವೇನು ಡಾಕ್ಟರಾ ಮಗಾ? ಇದೆಲ್ಲ ಸರ್ಕಾರ ಮಾಡೋ ಕೆಲಸ.’ ಸರ್ಕಾರ ಮಾಡೋದು ಮಾಡಲಿ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡಿವೆ. ಮೆದುಳಿನ ಕಾಯಿಲೆಗಳಿಗೆ ಎಲ್ಲರೂ ಬೆಂಗಳೂರಿಗೇ ಓಡೋ ಬದಲು ಜಿಲ್ಲೆಗಳಲ್ಲೇ ಗುರುತಿಸಿ ನೋಡಬೇಕು ಅನ್ನೋದು ಅದರ ಉದ್ದೇಶ. ಒಳ್ಳೆಯದೇ. ಆದರೆ ಆರು ಗಂಟೆಗೆ ಜಗಲಿ ಮೇಲೆ ಲೋಟ ಬಿದ್ದಾಗ ಅಲ್ಲಿ ನಿಮ್ಹಾನ್ಸ್ ಇರಲ್ಲ, ನಾವಿರ್ತೀವಿ. ನಮ್ಮ ಕ್ಯಾಂಪಸ್‌ನಲ್ಲಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳಿಂದ ಎಷ್ಟು ಜನ ಇದ್ದೀವಿ! ನಮ್ಮಲ್ಲಿ ಬಹಳ ಜನ ಮನೆಯಲ್ಲಿ ಎಂಜಿನಿಯರಿಂಗ್ ಓದ್ತಿರೋ ಮೊದಲನೆಯವರು. ಫೋನ್ ರಿಪೇರಿಯಿಂದ ಪಹಣಿವರೆಗೆ ಎಲ್ಲದಕ್ಕೂ ನಮ್ಮನ್ನೇ ಕೇಳ್ತಾರೆ. ಆವತ್ತು ನಾನು ‘ಎಣ್ಣೆ ಬೇಡ, ಇದು ತಲೆಯದು, ಹೊರಡೋಣ’ ಅಂದಿದ್ರೆ ಚಿಕ್ಕಪ್ಪ ಕೇಳ್ತಿದ್ರು. ಅದು ನನಗೆ ಖಚಿತ. ಅದೇ ನನಗೆ ನುಂಗೋಕೆ ಆಗದ ಮಾತು.

ಹೇಳೋಕೆ ಬೇಕಾಗಿರೋದು ಬಹಳ ಕಡಿಮೆ. ಇಂಗ್ಲಿಷ್‌ನಲ್ಲಿ ಫಾಸ್ಟ್ ಅಂತ ಅಕ್ಷರ ಜೋಡಿಸಿದಾರೆ. ಕನ್ನಡದಲ್ಲಿ ಹಾಗೆ ಜೋಡಿಸೋಕೆ ಎರಡು ದಿನ ಒದ್ದಾಡಿದೆ, ಏನೂ ಚೆನ್ನಾಗಿ ಬರಲಿಲ್ಲ. ಕೊನೆಗೆ ಅಮ್ಮನಿಗೆ ಹೀಗೆ ಹೇಳಿಕೊಟ್ಟೆ: ಮುಖ, ಕೈ, ಮಾತು, ಟೈಮು. ನಗೋಕೆ ಹೇಳು, ಬಾಯಿ ಒಂದು ಕಡೆ ಜೋಲುತ್ತಾ ನೋಡು. ಎರಡೂ ಕೈ ಮುಂದೆ ಚಾಚೋಕೆ ಹೇಳು, ಒಂದು ಕೆಳಗೆ ಇಳಿಯುತ್ತಾ ನೋಡು. ಊರ ಹೆಸರು ಹೇಳಿಸು, ತೊದಲುತ್ತಾ ಕೇಳು. ಮೂರರಲ್ಲಿ ಒಂದು ದಿಢೀರಂತ ಆಗಿದ್ರೂ 108ಕ್ಕೆ ಫೋನ್ ಮಾಡು, ತಲೆ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೊರಡು. ಹೋಗೋ ಮೊದಲು ಗಂಟೆ ನೋಡಿ ಇಟ್ಟುಕೋ, ಕೊನೆಯ ಸಲ ಚೆನ್ನಾಗಿದ್ದಿದ್ದು ಎಷ್ಟೊತ್ತಿಗೆ ಅಂತ. ರಾತ್ರಿ ಮಲಗಿ ಬೆಳಗ್ಗೆ ಏಳುವಾಗ ಹೀಗಾಗಿದ್ದರೆ ಮಲಗಿದ ಹೊತ್ತೇ ಲೆಕ್ಕ. ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ. ನುಂಗೋ ಸ್ನಾಯುಗಳಿಗೂ ಆರ್ಡರ್ ಬರ್ತಿರಲ್ಲ, ಗಂಜಿ ಶ್ವಾಸಕೋಶಕ್ಕೆ ಹೋಗುತ್ತೆ. ನಾವು ಮಾಡಿದ ಹಾಗೆ.

ಹಿರಿಯೂರಿನವರಿಗೆ ಇನ್ನೊಂದು ಮಾತು, ನಿಮ್ಮೂರ ಪಕ್ಕದಲ್ಲೇ ಹೈವೇ ಇದೆ. ಆಕ್ಸಿಡೆಂಟ್ ಆದವರನ್ನ ಕೈ ಕಾಲು ಹಿಡಿದು ಮೂಟೆ ಥರ ಎತ್ತಿ ಆಟೋಗೆ ತುರುಕೋದು ನಾನೂ ನೋಡಿದೀನಿ. ಒಳ್ಳೆ ಮನಸ್ಸಿನಿಂದಲೇ ಮಾಡ್ತಾರೆ. ಆದರೆ ಕತ್ತಿನ ಮೂಳೆ ಮುರಿದಿದ್ರೆ, ಹಾಗೆ ಮಡಚಿದಾಗ ಆ ಕಿರುಬೆರಳು ದಪ್ಪದ ಕೇಬಲ್ ಕಟ್ ಆಗಬಹುದು. ಬೆನ್ನುಹುರಿ ಕಟ್ ಆದರೆ ಸೋಲ್ಡರ್ ಮಾಡೋಕೆ ಇವತ್ತಿಗೂ ಯಾರಿಗೂ ಬರಲ್ಲ. ಉಸಿರಾಡ್ತಿದ್ದರೆ, ಬೆಂಕಿ ಗಿಂಕಿ ಅಪಾಯ ಇಲ್ಲದಿದ್ದರೆ, ತಲೆ ಕತ್ತು ಅಲ್ಲಾಡದಂತೆ ಹಿಡಿದು ಆಂಬುಲೆನ್ಸ್‌ಗೆ ಕಾಯಿರಿ. ಪೊಲೀಸ್ ಕೇಸ್ ಅಂತ ಹೆದರಬೇಕಿಲ್ಲ, ಸಹಾಯ ಮಾಡಿದವರನ್ನ ಕಾಪಾಡೋಕೆ ಕರ್ನಾಟಕದಲ್ಲಿ ಕಾನೂನೇ ಇದೆ.

ಸಬ್ಜೆಕ್ಟ್ ವಿಷಯಕ್ಕೆ ವಾಪಸ್ ಬರ್ತೀನಿ. ಬಯಾಲಜಿ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲು ನಾನೂ ‘ಇಸಿ ಓದೋನಿಗೆ ಇದ್ಯಾಕೆ’ ಅಂತ ಬೈಕೊಂಡವನೇ. ಈಗ ನನ್ನ ದೂರು ಉಲ್ಟಾ. ಇದನ್ನ ಹೋಲಿಕೆಯ ಟೇಬಲ್ ಮಾಡಿ ಕೊಲ್ಲಬೇಡಿ. ‘ಬ್ರೈನ್ ಸಿಪಿಯುಗಿಂತ ಎಲ್ಲೆಲ್ಲಿ ಬೇರೆ’ ಅಂತ ಒಂದು ಪ್ರಶ್ನೆ ಕೇಳಿ. ‘ಬಲಗೈ ಬಿದ್ದಿದೆ, ಮಾತು ತೊದಲುತ್ತಿದೆ, ಮಂಡಿ ತಟ್ಟಿದರೆ ಜಿಗಿಯುತ್ತಿದೆ, ಫಾಲ್ಟ್ ಎಲ್ಲಿ?’ ಅಂತ ಸರ್ಕ್ಯೂಟ್ ಪ್ರಾಬ್ಲಮ್ ಥರ ಕೊಡಿ. ಒಂದು ಅಸೈನ್‌ಮೆಂಟ್ ಮನೆಯವರಿಗೆ ಕನ್ನಡದಲ್ಲಿ ವಿವರಿಸಿ ವಿಡಿಯೋ ಮಾಡೋದಿರಲಿ. ನಮ್ಮ ಮ್ಯಾಮ್‌ಗೆ ಹೇಳಿದೆ, ‘ಸಿಲಬಸ್ ನನ್ನ ಕೈಯಲ್ಲಿಲ್ಲ, ಅಸೈನ್‌ಮೆಂಟ್ ಇದೆ, ನೋಡೋಣ’ ಅಂದಿದಾರೆ.

ಅಜ್ಜ ಈಗ ಮನೆಯಲ್ಲಿದ್ದಾರೆ. ಮೂರು ತಿಂಗಳಾಯ್ತು. ಕೋಲು ಹಿಡಿದು ಅಂಗಳದವರೆಗೆ ನಡೀತಾರೆ. ಸತ್ತ ಕೋಶಗಳು ವಾಪಸ್ ಬರಲ್ಲ, ಆದರೆ ಉಳಿದವು ಹೊಸ ದಾರಿ ಮಾಡಿಕೊಳ್ತವಂತೆ. ಅದಕ್ಕೇ ದಿನಾ ವ್ಯಾಯಾಮ. ಚಿಕ್ಕಪ್ಪನೇ ಮಾಡಿಸೋದು, ಒಂದು ದಿನ ತಪ್ಪಿಸಲ್ಲ. ಮಾತು ಇನ್ನೂ ಪೂರ್ತಿ ಬಂದಿಲ್ಲ. ನೀರು ಬೇಕಾದರೆ ‘ನೀರು’ ಅನ್ನೋಕೆ ಆಗದೆ ಕೈ ತೋರಿಸ್ತಾರೆ, ನನ್ನ ಹೆಸರು ನಾಲಿಗೆ ತುದಿವರೆಗೆ ಬಂದು ನಿಲ್ಲುತ್ತೆ. ಆದರೆ ಸೋಮವಾರ ಸಂಜೆ ಗುಡಿಯಲ್ಲಿ ಭಜನೆ ಶುರುವಾದಾಗ ಜಗಲಿ ಮೇಲೆ ಕೂತಲ್ಲೇ ಪೂರ್ತಿ ಪದ ಹಾಡ್ತಾರೆ, ಒಂದು ಅಕ್ಷರ ತಪ್ಪಲ್ಲ. ಹೆಚ್ಚಿನವರಲ್ಲಿ ಮಾತಿನ ಜಾಗ ಎಡ ಮೆದುಳಿನಲ್ಲಿ, ಹಾಡಿಗೆ ಬಲಗಡೆಯದೂ ಸೇರುತ್ತೆ ಅಂತ ಓದಿದೆ. ಅಜ್ಜಿಗೆ ಇದನ್ನ ವಿವರಿಸೋಕೆ ಹೋದೆ. ಅವರು ‘ಹಂಗಾದ್ರೆ ನೀರನ್ನೂ ರಾಗದಾಗೆ ಕೇಳೋಕೆ ಹೇಳು’ ಅಂದ್ರು. ತಮಾಷೆಗೆ ಅಂದಿದ್ದು. ಆದರೆ ಹೀಗೆ ರಾಗ ಹಾಕಿ ಮಾತು ಕಲಿಸೋ ಥೆರಪಿ ನಿಜವಾಗಲೂ ಇದೆ, ನಾವೂ ಈಗ ಅದನ್ನೇ ಟ್ರೈ ಮಾಡ್ತಿದ್ದೀವಿ.

ಕೊನೆಗೆ ಬಳಗದವರ ಹತ್ತಿರ ಒಂದು ಕೆಲಸದ ಮಾತು. ಚಿತ್ರದುರ್ಗಕ್ಕೆ ಹೊಳಲ್ಕೆರೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಹಿರಿಯೂರಿನಿಂದ ನಲವತ್ತು, ಹೊಸದುರ್ಗದಿಂದ ಸುಮಾರು ಅರವತ್ತು. ನಾಲ್ಕೂವರೆ ಗಂಟೆಯಲ್ಲಿ ಇದು ಆಗದ ದೂರ ಅಲ್ಲ, ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿದ್ದರೆ. ಗೂಗಲ್‌ನಲ್ಲಿ ‘ಆಸ್ಪತ್ರೆ’ ಅಂತ ಹುಡುಕಿದರೆ ಹಲ್ಲಿನ ಕ್ಲಿನಿಕ್ಕೂ ಬರುತ್ತೆ. ನಮಗೆ ಬೇಕಾಗಿರೋ ಲಿಸ್ಟಿನಲ್ಲಿ ಮೂರೇ ಕಾಲಂ: ಸಿಟಿ ಸ್ಕ್ಯಾನ್ ಇದೆಯಾ, ರಾತ್ರಿ ಮತ್ತು ಭಾನುವಾರ ನಡೆಯುತ್ತಾ, ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಕೊಡ್ತಾರಾ. ಫೋನ್ ಮಾಡಿ, ಇಲ್ಲಾ ಹೋಗಿ ಕೇಳಿದರೆ ಗೊತ್ತಾಗುವ ವಿಷಯ. ಶೀಟ್ ಮಾಡಿ ಇಟ್ಟಿದ್ದೀನಿ. ಹೊಸದುರ್ಗದ ಸಾಲುಗಳನ್ನ ನಾನು ತುಂಬ್ತೀನಿ. ಚಿತ್ರದುರ್ಗ ಟೌನಿಗೆ ಇಬ್ಬರು ಸಿಕ್ಕಿದ್ದಾರೆ. ಹಿರಿಯೂರು, ಹೊಳಲ್ಕೆರೆಯವರು ಯಾರಾದರೂ ಇದ್ದರೆ ಶುಕ್ರವಾರ ಲ್ಯಾಬ್ ಮುಗಿದ ಮೇಲೆ ಕ್ಯಾಂಟೀನ್ ಹತ್ತಿರ ಸಿಗಿ.